ಫೈಬರ್ ಫೆಂಡರ್ ಕೂರುತ್ತಿಲ್ಲವೇ? ಮೊದಲು ಬಾಗಿಲು ನೋಡಿ

ನನ್ನ ಹತ್ತಿರ 1992ರ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟು, 1.6 ಲೀಟರ್ ಎಂಜಿನ್, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. ನಾನಿರುವುದು ಅಮೆರಿಕದಲ್ಲಿ, ಚಳಿಗಾಲ ಬಂದರೆ ರಸ್ತೆಗೆ ಉಪ್ಪು ಸುರಿಯುವ ಕಡೆ. ಆ ಉಪ್ಪು ಮುಂದಿನ ಎರಡೂ ಫೆಂಡರುಗಳ ಕೆಳತುದಿಯನ್ನು ತಿಂದು ಹಾಕಿತ್ತು. ಹೇಗೂ ಬದಲಿಸಬೇಕು, ಅಗಲ ಟೈರು ಹಾಕುವ ಆಸೆಯೂ ಇದೆ ಅಂತ, ಚಕ್ರದ ಕಮಾನು 20 ಮಿ.ಮೀ. ಹೊರಗೆ ಉಬ್ಬಿರುವ ಫೈಬರ್‌ಗ್ಲಾಸ್ ಫೆಂಡರ್ ಜೋಡಿ ತರಿಸಿದೆ. ನಮ್ಮ ಕಡೆ ಮಡ್‌ಗಾರ್ಡ್ ಅಂತೀವಲ್ಲ, ಅದೇ.

ಬಲಗಡೆಯದು ಅರ್ಧ ದಿನದಲ್ಲಿ ಕೂತಿತು. ಎಡಗಡೆಯದು ಮೂರು ವಾರಾಂತ್ಯ ತಿಂದಿತು. ಅದರಲ್ಲಿ ಎರಡು ವಾರಾಂತ್ಯ ಪೂರ್ತಿ ನನ್ನ ತಪ್ಪು. ಆ ತಪ್ಪಿನ ಸಮೇತ, ಫೈಬರ್ ಫೆಂಡರ್ ಹಾಕುವಾಗ ಬರುವ ತೊಂದರೆಗಳನ್ನು, ಅದು ಯಾಕೆ ಬಂತು ಅಂತ ಪತ್ತೆ ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿಯಾಟಾ ನನ್ನ ಉದಾಹರಣೆ ಅಷ್ಟೇ. ಬೋಲ್ಟ್ ಹಾಕಿ ಕೂರಿಸುವ ಫೆಂಡರ್ ಇರುವ ಯಾವ ಕಾರಿಗೂ ಇದು ಹೆಚ್ಚು ಕಡಿಮೆ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಫೆಂಡರ್ ಸ್ವಲ್ಪ ಎಳೆದರೆ ಬರುತ್ತದೆ, ಸ್ವಲ್ಪ ಬಡಿದರೆ ಬಾಗುತ್ತದೆ. ಕಾರಿನ ಸೊಟ್ಟವನ್ನು ಅದು ತನ್ನ ಮೈಮೇಲೆ ಹಾಕಿಕೊಂಡು ಸುಮ್ಮನಿರುತ್ತದೆ. ಫೈಬರ್ ಹಾಗಲ್ಲ. ಅಚ್ಚಿನಲ್ಲಿ ಯಾವ ಆಕಾರಕ್ಕೆ ಗಟ್ಟಿಯಾಯಿತೋ ಅದೇ ಆಕಾರ. ಹಾಗಾಗಿ ಅದು ಕೂರಲಿಲ್ಲ ಅಂದರೆ ಫೆಂಡರ್ ಸೊಟ್ಟ ಇರಬಹುದು, ಕಾರೇ ಸೊಟ್ಟ ಇರಬಹುದು. ಯಾವುದು ಅಂತ ತಿಳಿಯದೆ ಗ್ರೈಂಡರ್ ಕೈಗೆತ್ತಿಕೊಂಡರೆ ನನ್ನ ಗತಿಯೇ.

ಬಾಗಿಲ ಹತ್ತಿರದ ಸಂದು: ಮೇಲೆ ಅಗಲ, ಕೆಳಗೆ ಇಕ್ಕಟ್ಟು

ನನಗೆ ಬಂದ ತೊಂದರೆ ಇದು. ಎಡ ಫೆಂಡರ್ ಇಟ್ಟು ನಾಲ್ಕು ಬೋಲ್ಟ್ ಸಡಿಲವಾಗಿ ಹಾಕಿ ಬಾಗಿಲು ಮುಚ್ಚಿದೆ. ಫೆಂಡರಿಗೂ ಬಾಗಿಲಿಗೂ ನಡುವಿನ ಸಂದು ಮೇಲೆ 8 ಮಿ.ಮೀ., ಕೆಳಗೆ 2 ಮಿ.ಮೀ. (ಅಳೆಯಲು ಬೇರೆ ಸಾಮಾನು ಬೇಡ. ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಸಂದಿನಲ್ಲಿ ತೂರಿಸಿ ನೋಡಿದರೆ ಸಾಕು. 4ರ ಬಿಟ್ ಹೋಗಿ 5ರದ್ದು ಹೋಗದಿದ್ದರೆ ಸಂದು ಅವೆರಡರ ನಡುವೆ ಇದೆ.) ಬಲಗಡೆ ಉದ್ದಕ್ಕೂ 4ರಿಂದ 5 ಇತ್ತು.

ಫೆಂಡರ್ ಅಚ್ಚೇ ಸರಿ ಇಲ್ಲ, ಅಗ್ಗದ ಮಾಲು ಅಂತ ಬೈದುಕೊಂಡು ಕೆಳಗಿನ ಹಿಂದಂಚಿನಿಂದ 3 ಮಿ.ಮೀ. ಉಜ್ಜಿ ತೆಗೆದೆ. ಆಗ ಕೆಳಗಿನ ಸಂದು ಸರಿ ಕಂಡಿತು. ಮೇಲಿನದು ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಫೆಂಡರನ್ನು ಹಿಂದಕ್ಕೆ ತಳ್ಳಿದೆ. ಈಗ ಬಾಗಿಲು ತೆರೆದರೆ ಕೆಳಗೆ ಕರಕ್ ಅಂತ ಉಜ್ಜುತ್ತದೆ.

ದಾವಣಗೆರೆಯಲ್ಲಿ ನನ್ನ ಸೋದರಮಾವ ಇದ್ದಾರೆ. ಒಂದು ಕಾಲಕ್ಕೆ ಟಿಂಕರಿಂಗ್ ಶೆಡ್ ನಡೆಸಿದವರು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಫೈಬರ್ ಬಗ್ಗೆ ಅವರು ಏನೂ ಕೇಳಲಿಲ್ಲ.

"ಹಳೇ ಮಡ್‌ಗಾರ್ಡ್ ಎಲ್ಲೈತಿ ಅಳಿಯಾ? ಅದನ್ನ ಹಚ್ಚಿ ನೋಡು."

"ಅದು ತುಕ್ಕು ಹಿಡಿದಿದೆ ಮಾವ, ಮೂಲೇಲಿ ಬಿಸಾಕಿದೀನಿ."

"ತುಕ್ಕು ತಗೊಂಡು ನಿನಗೇನು? ಸಂದು ನೋಡು."

ಹಾಕಿ ನೋಡಿದೆ. ಹಳೆಯ ಕಬ್ಬಿಣದ ಫೆಂಡರಿನಲ್ಲೂ ಸಂದು ಮೇಲೆ ಅಗಲ, ಕೆಳಗೆ ಇಕ್ಕಟ್ಟು! ಅಷ್ಟು ವರ್ಷ ಆ ಕಾರು ಓಡಿಸಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

ಈ ಆಕಾರದ ಸಂದು ಏನು ಹೇಳುತ್ತದೆ ಅಂದರೆ, ಬಾಗಿಲು ಜೋತು ಬಿದ್ದಿದೆ. ಬಾಗಿಲು ಮುಂದಿನ ಹಿಂಜ್‌ಗಳ ಮೇಲೆ ನೇತಾಡುವ ವಸ್ತು. ಹಿಂಜ್ ಸವೆದರೆ ಅದರ ಹಿಂಭಾಗ ಕೆಳಗಿಳಿಯುತ್ತದೆ. ಆಗ ಮುಂದಿನ ಅಂಚಿನ ಮೇಲ್ತುದಿ ಫೆಂಡರಿನಿಂದ ದೂರ ಸರಿಯುತ್ತದೆ, ಕೆಳತುದಿ ಫೆಂಡರಿನ ಕಡೆ ನುಗ್ಗುತ್ತದೆ. ಖಚಿತ ಮಾಡಿಕೊಳ್ಳಲು ಬಾಗಿಲ ಹಿಂದಿನ ಅಂಚಿಗೆ ಹೋಗಿ. ಅಲ್ಲಿ ಇದರ ಉಲ್ಟಾ ಇರುತ್ತದೆ: ಮೇಲೆ ಇಕ್ಕಟ್ಟು, ಕೆಳಗೆ ಅಗಲ. ಮುಂದಿನ ಫೆಂಡರ್ ಎಷ್ಟೇ ಸೊಟ್ಟ ಇರಲಿ, ಬಾಗಿಲ ಹಿಂದಿನ ಸಂದನ್ನು ಅದು ಕೆಡಿಸಲಾರದು, ಅಲ್ವಾ? ಹಿಂದಿನ ಸಂದು ನೆಟ್ಟಗಿದ್ದು ಮುಂದಿನದು ಮಾತ್ರ ಸೊಟ್ಟ ಇದ್ದರೆ ಆಗ ಫೆಂಡರನ್ನು ಬೈಯಿರಿ.

ಇನ್ನೆರಡು ಪರೀಕ್ಷೆ. ಬಾಗಿಲನ್ನು ಒಂದು ಗೇಣು ತೆರೆದು, ಹಿಂದಿನ ಕೆಳತುದಿಗೆ ಕೈ ಕೊಟ್ಟು ಮೇಲಕ್ಕೆ ಎತ್ತಿ. ಟಕ್ ಅಂತ ಅಲುಗಿದರೆ ಹಿಂಜ್‌ನಲ್ಲಿ ಆಟ ಇದೆ. ಆಮೇಲೆ ಲಾಕ್ ಕೂರುವ ಸ್ಟ್ರೈಕರ್ ನೋಡಿ. ನನ್ನ ಕಾರಿನಲ್ಲಿ ಸ್ಟ್ರೈಕರಿನ ಮೇಲುಗಡೆ, ಅರ್ಧ ಚಂದ್ರದ ಹಾಗೆ, ಬಣ್ಣವಿಲ್ಲದ ಒಂದು ಬಿಳಿ ಗುರುತು ಇತ್ತು. ಅಂದರೆ ಸ್ಟ್ರೈಕರ್ ಮೊದಲು ಇದ್ದದ್ದು ಅಲ್ಲಿ. ಬಾಗಿಲು ಜೋತು ಬಿದ್ದ ಮೇಲೆ ಹಿಂದಿನ ಮಾಲೀಕರು ಯಾರೋ ಹಿಂಜ್ ರಿಪೇರಿ ಮಾಡುವ ಬದಲು ಸ್ಟ್ರೈಕರನ್ನೇ ಕೆಳಗಿಳಿಸಿ ಬಾಗಿಲು ಮುಚ್ಚುವ ಹಾಗೆ ಮಾಡಿದ್ದಾರೆ. ಜಾಣತನ!

ಒಳ್ಳೆಯದೇನು ಅಂದರೆ, ಹಿಂಜ್‌ನ ಬೋಲ್ಟುಗಳಿಗೆ ಸ್ಪಾನರ್ ಹಾಕಲು ಫೆಂಡರ್ ಬಿಚ್ಚಿದಾಗಲೇ ಸಲೀಸು. ಪಿನ್ನು, ಬುಷ್ ಸವೆದಿದ್ದರೆ ಬದಲಿಸಿ. ಸವೆಯದೆ ಸರಿದಿದ್ದರೆ, ಬಾಗಿಲ ಕೆಳಗೆ ಜಾಕ್ ಇಟ್ಟು, ನಡುವೆ ಮರದ ತುಂಡು ಮತ್ತು ಹಳೇ ಟವೆಲ್ ಹಾಕಿ, ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟು ಎತ್ತಿ, ಬಿಗಿ ಮಾಡಿ. ಮುಚ್ಚಿ ನೋಡಿ. ಮತ್ತೆ ಎತ್ತಿ. ನನಗೆ ಐದು ಸಲ ಬೇಕಾಯಿತು. ಕೊನೆಗೆ ಸ್ಟ್ರೈಕರನ್ನು ಹಳೇ ಗುರುತಿಗೇ ತಂದೆ.

ಬಾಗಿಲು ನೆಟ್ಟಗಾಯಿತು. ಆದರೆ ಈಗ ಫೈಬರ್ ಫೆಂಡರಿನ ಕೆಳಗಿನ ಸಂದು 8 ಮಿ.ಮೀ. ನಾನೇ ಉಜ್ಜಿ ತೆಗೆದಿದ್ದೆನಲ್ಲ!

ಕಡಿದ ಅಂಚನ್ನು ಮತ್ತೆ ಬೆಳೆಸಬಹುದು. ಫೈಬರಿನ ದೊಡ್ಡ ಗುಣವೇ ಅದು. ಬಾಗಿಲಿನ ಅಂಚಿಗೆ ಪಾರ್ಸೆಲ್ ಕಟ್ಟುವ ಅಗಲದ ಪ್ಲಾಸ್ಟಿಕ್ ಟೇಪ್ ಸುಕ್ಕಿಲ್ಲದ ಹಾಗೆ ಅಂಟಿಸಿ. ರಾಳ, ಅಂದರೆ ಗಾಜಿನ ನಾರನ್ನು ಗಟ್ಟಿಯಾಗಿ ಹಿಡಿದಿಡುವ ರೆಸಿನ್ ಅಂಟು, ಅದಕ್ಕೆ ಹಿಡಿಯುವುದಿಲ್ಲ. ಫೆಂಡರಿನ ಅಂಚನ್ನು ಒಳಗಡೆಯಿಂದ ಎರಡು ಬೆರಳಗಲ ಇಳಿಜಾರಾಗಿ, 40 ಅಥವಾ 80ರ ಎಮರಿ ಪೇಪರಿನಲ್ಲಿ ಉಜ್ಜಿ, ಅಸಿಟೋನಿನಿಂದ ಒರೆಸಿ. ಬೇಕಾದ ಸಂದಿನಷ್ಟು ದಪ್ಪದ ರಟ್ಟಿಗೂ ಅದೇ ಟೇಪ್ ಸುತ್ತಿ, ಬಾಗಿಲಿಗೂ ಫೆಂಡರಿಗೂ ನಡುವೆ ಇಟ್ಟು, ಒಳಗಿನಿಂದ ಎರಡು ಪದರ ಗಾಜಿನ ನಾರು ಹಾಕಿ. ಇದಕ್ಕೆ ಎಪಾಕ್ಸಿ ರಾಳವೇ ಒಳ್ಳೆಯದು. ಇಂಥ ಫೆಂಡರುಗಳನ್ನು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳದಲ್ಲಿ ಮಾಡಿರುತ್ತಾರೆ, ಗಟ್ಟಿಯಾದ ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ರಾಳ ಅಷ್ಟು ನಂಬಿಕೆಯದಲ್ಲ, ಕೆಲವು ಸಲ ಗಟ್ಟಿಯಾಗುವುದೇ ಇಲ್ಲ. ಎಪಾಕ್ಸಿಗೆ ಶುರು ಮಾಡಿದರೆ ಎಪಾಕ್ಸಿಯಲ್ಲೇ ಮುಗಿಸಿ.

ಬೋಲ್ಟಿನ ತೂತು ಕೂಡುತ್ತಿಲ್ಲ, ಮೇಲಂಚು ಬಾನೆಟ್ಟಿಗಿಂತ ಎದ್ದಿದೆ

ಈಗ ಫೆಂಡರಿನದೇ ತಪ್ಪು ಇರುವ ಪ್ರಸಂಗ. ಹಳೆಯದನ್ನು ಹಾಕಿ ನೋಡಿದಿರಿ, ಎಲ್ಲ ಸಂದೂ ಸರಿ ಇದೆ, ಹೊಸದರಲ್ಲಿ ಮಾತ್ರ ತೊಂದರೆ. ಸಾಮಾನ್ಯ ಕಾರಣ, ರಾಳ ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಕಿತ್ತಿರುವುದು. ಪಾಲಿಯೆಸ್ಟರ್ ರಾಳ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಅಚ್ಚಿನಲ್ಲಿದ್ದಾಗ ಕುಗ್ಗಿದರೆ ಆಕಾರ ಉಳಿಯುತ್ತದೆ. ಹೊರಗೆ ಗೋಡೆಗೆ ಒರಗಿಸಿಟ್ಟಾಗ ಕುಗ್ಗಿದರೆ ಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ.

ಪತ್ತೆ ಹೇಗೆ? ಹೊರಮೈಯಲ್ಲಿ ಕಾಣದ ಒಂದು ಜಾಗದಲ್ಲಿ ಅಸಿಟೋನಿನ ಬಟ್ಟೆಯಿಂದ ಹತ್ತಿಪ್ಪತ್ತು ಸಲ ಉಜ್ಜಿ. ಬೆರಳಿಗೆ ಅಂಟಂಟಾದರೆ ಇನ್ನೂ ಹಸಿ ಇದೆ. ಒಳಮೈಯಲ್ಲಿ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ಗಾಳಿ ತಾಗಿದ ಪಾಲಿಯೆಸ್ಟರ್ ತುಸು ಅಂಟಾಗಿಯೇ ಉಳಿಯುವುದುಂಟು, ಅದು ರೋಗವಲ್ಲ.

ಹಸಿ ಇದ್ದರೆ ಸಂತೋಷಪಡಿ, ಇನ್ನೂ ಬಗ್ಗುತ್ತದೆ. ಕಾರಿನ ಮೇಲೆ ಸರಿಯಾದ ಜಾಗದಲ್ಲಿ ಬೋಲ್ಟ್ ಹಾಕಿ, ಎದ್ದ ಕಡೆ ಕ್ಲ್ಯಾಂಪ್ ಹಾಕಿ, ಬಿಸಿಲಲ್ಲಿ ನಾಲ್ಕೈದು ದಿನ ನಿಲ್ಲಿಸಿ. ಬಣ್ಣದ ಯೋಚನೆ ಆಮೇಲೆ. ಗಟ್ಟಿಯಾಗಿ ಹೋಗಿದ್ದರೆ ಹೀಟ್ ಗನ್. ಕೈ ಇಡಲಾಗದಷ್ಟು ಬಿಸಿ, ಅಂದರೆ 60ರಿಂದ 70 ಡಿಗ್ರಿ ಸಾಕು. ಗನ್ನನ್ನು ಒಂದೇ ಕಡೆ ಹಿಡಿಯದೆ ದೋಸೆಗೆ ಎಣ್ಣೆ ಸವರಿದ ಹಾಗೆ ಆಡಿಸುತ್ತಿರಿ. ಮೆತ್ತಗಾದಾಗ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಿ, ಪೂರ್ತಿ ತಣ್ಣಗಾಗುವವರೆಗೆ ಹಿಡಿದಿಡಿ. ಬಿಟ್ಟ ಮೇಲೆ ಸ್ವಲ್ಪ ವಾಪಸ್ ಬಂದೇ ಬರುತ್ತದೆ. ಹೊಗೆ ಅಥವಾ ಗುಳ್ಳೆ ಕಂಡರೆ ಸುಟ್ಟಿರಿ ಅಂತಲೇ ಅರ್ಥ.

ಬೋಲ್ಟಿನಿಂದ ಎಳೆದು ಸಂದು ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಬೇಡ. ಎಳೆದು ಕೂರಿಸಿದ ಫೈಬರ್ ಆ ದಿನ ಸುಮ್ಮನಿದ್ದು ಆರು ತಿಂಗಳ ಮೇಲೆ ಬಿರುಕು ಬಿಡುತ್ತದೆ.

ಬೋಲ್ಟ್ ಹಾಕುವ ಕ್ರಮಕ್ಕೂ ಬೆಲೆ ಇದೆ. ಮಿಯಾಟಾದಲ್ಲಿ ಬಾಗಿಲು ತೆರೆದಾಗ ಮಾತ್ರ ಸಿಗುವ ಬೋಲ್ಟ್ ಮೊದಲು, ಆಮೇಲೆ ಬಾಗಿಲ ಕೆಳಗಿನ ಪಟ್ಟಿಯದು, ಆಮೇಲೆ ಬಾನೆಟ್ ಪಕ್ಕದ ಸಾಲು, ಬಂಪರ್ ಕಡೆಯದು ಕೊನೆಗೆ. ಬಾಗಿಲ ಸಂದು ಎದುರಿಗೇ ಕಾಣುವಂಥದ್ದು, ಅದನ್ನು ಮೊದಲು ಗೆಲ್ಲಬೇಕು. ಬಂಪರ್ ಪ್ಲಾಸ್ಟಿಕ್ಕು, ಹೇಳಿದ ಹಾಗೆ ಕೇಳುತ್ತದೆ. ಎಲ್ಲ ಸಡಿಲವಾಗಿ ಹಾಕಿ, ಬಾನೆಟ್ ಮುಚ್ಚಿ, ಬಾಗಿಲು ಮುಚ್ಚಿ, ಹೆಡ್‌ಲೈಟನ್ನು ಮೋಟಾರಿನ ಮೇಲಿರುವ ಗುಂಡಿಯನ್ನು ಕೈಯಲ್ಲೇ ತಿರುಗಿಸಿ ನಿಧಾನ ಎತ್ತಿ ಇಳಿಸಿ. ಸ್ವಿಚ್ ಒತ್ತಬೇಡಿ. ಮುಚ್ಚಳ ಫೆಂಡರಿಗೆ ತಾಗುವಂತಿದ್ದರೆ ಮೋಟಾರ್ ಕನಿಕರ ತೋರಿಸುವುದಿಲ್ಲ. ಎಲ್ಲ ಸಮ ಬಂದ ಮೇಲೆಯೇ ಡ್ರಿಲ್.

ಬೋಲ್ಟಿನ ಸುತ್ತ ನಕ್ಷತ್ರದಂಥ ಬಿರುಕು

ಹೊರಗಿನ ಜೆಲ್‌ಕೋಟ್ ಪದರದಲ್ಲಿ, ಬೋಲ್ಟನ್ನು ನಡುವೆ ಇಟ್ಟುಕೊಂಡು ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳು. ಮುಖ್ಯ ಕಾರಣ ಅತಿ ಬಿಗಿ. ಆರು ಮಿ.ಮೀ. ಬೋಲ್ಟ್, ಹತ್ತರ ಸ್ಪಾನರ್, ಕಬ್ಬಿಣಕ್ಕೆ ಬಿಗಿದು ಬಿಗಿದು ರೂಢಿಯಾದ ಕೈ. ಫೈಬರ್ ಆ ಒತ್ತಡಕ್ಕೆ ಒಳಗೊಳಗೇ ಪುಡಿಯಾಗುತ್ತದೆ. ಕೈಯಲ್ಲಿ ತಿರುಗಿಸಿ ನಿಂತ ಮೇಲೆ ಕಾಲು ಸುತ್ತು, ಅಷ್ಟೇ. ಸಡಿಲವಾಗುತ್ತೆ ಅಂತ ಭಯವಿದ್ದರೆ ನೈಲಾನ್ ಉಂಗುರವಿರುವ ನಟ್ಟು ಹಾಕಿ. ಕೆಳಗೆ 25 ಮಿ.ಮೀ. ಅಗಲದ ತೆಳು ವಾಷರ್ ಇರಲಿ. ಅಮೆರಿಕದ ಅಂಗಡಿಗಳಲ್ಲಿ ಈ ವಾಷರಿನ ಹೆಸರೇ ಫೆಂಡರ್ ವಾಷರ್!

ಇನ್ನೊಂದು ಕಾರಣ ಬೇಗ ಹೊಳೆಯುವುದಿಲ್ಲ. ಬಿಸಿಗೆ ಹಿಗ್ಗುವುದರಲ್ಲಿ ಫೈಬರಿಗೂ ಕಬ್ಬಿಣಕ್ಕೂ ಹೊಂದಾಣಿಕೆ ಇಲ್ಲ. ಫೈಬರ್ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಫೆಂಡರ್ ನೆರಳಿನಿಂದ ಸುಡುಬಿಸಿಲಿಗೆ ಬಂದು 40 ಡಿಗ್ರಿ ಏರಿದರೆ, ಅದರಡಿಯ ಕಬ್ಬಿಣಕ್ಕಿಂತ ಅರ್ಧ ಮಿ.ಮೀ.ನಷ್ಟು ಜಾಸ್ತಿ ಉದ್ದವಾಗುತ್ತದೆ. ಎಲ್ಲ ಬೋಲ್ಟೂ ಬಿಗಿ ತೂತಿನಲ್ಲಿ ಕಚ್ಚಿ ಕೂತಿದ್ದರೆ ಆ ಅರ್ಧ ಮಿ.ಮೀ. ಎಲ್ಲಿಗೆ ಹೋಗಬೇಕು? ಬಾಗಿಲ ಹತ್ತಿರದ ಒಂದು ತೂತು ಮಾತ್ರ ಅಳತೆಗೆ ಸರಿಯಾಗಿರಲಿ. ಉಳಿದವು 8 ಮಿ.ಮೀ. ಇರಲಿ, ಸಾಲಿನ ಉದ್ದಕ್ಕೆ ತುಸು ಉದ್ದುದ್ದ ಇದ್ದರೆ ಇನ್ನೂ ಒಳ್ಳೆಯದು.

ತೂತು ಕೊರೆಯುವಾಗಲೇ ಜೆಲ್‌ಕೋಟ್ ಚಕ್ಕೆ ಏಳುವುದೂ ಉಂಟು. ಮಾಸ್ಕಿಂಗ್ ಟೇಪ್ ಅಂಟಿಸಿ, ಹೊರಮೈಯಿಂದ ಒಳಕ್ಕೆ, ಹಿಂದೆ ಮರದ ತುಂಡು ಒತ್ತಿ ಹಿಡಿದು ಕೊರೆಯಿರಿ. ಬಿರುಕು ಆಗಲೇ ಬಂದಿದ್ದರೆ ಮೇಲೆ ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತುವುದು ದಂಡ. ಜೆಲ್‌ಕೋಟನ್ನು ಪ್ರತಿ ಗೆರೆಯ ಉದ್ದಕ್ಕೂ ತೋಡಿ, ಒಳಗಡೆ ಒಂದು ಪದರ ನಾರು ಕೊಟ್ಟು ಬಲ ಮಾಡಿ, ಆಮೇಲೆ ತುಂಬಿಸಿ.

ಹೈವೇಯಲ್ಲಿ ಫಡಫಡ ಸದ್ದು

ವೇಗ ಏರಿದರೆ ಚಕ್ರದ ಹಿಂದಿನ ಭಾಗ ಮೊರದ ಹಾಗೆ ಬಡಿದುಕೊಳ್ಳುತ್ತದೆ. ಫೆಂಡರ್ ತೆಳುವಾಗಿದೆ, ಇಲ್ಲವೇ ಎಲ್ಲೋ ಪದರ ಬಿಟ್ಟುಕೊಂಡಿದೆ. ಒಂದು ನಾಣ್ಯದಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಟಣ್ ಟಣ್ ಅನ್ನುತ್ತಾ ಇದ್ದದ್ದು ಒಂದು ಕಡೆ ಡಬ್ ಅಂದರೆ ಅಲ್ಲಿ ಒಳಗೆ ಗಾಳಿ ಇದೆ. ತೆಂಗಿನಕಾಯಿ ಬಡಿದು ನೋಡಿ ತರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಿಳಿ ಜೆಲ್‌ಕೋಟ್ ಆದರೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟರೂ ತೆಳು ಜಾಗ ಬೆಳಗುತ್ತದೆ. ಕಪ್ಪಾದರೆ ಈ ಉಪಾಯ ನಡೆಯದು.

ಪದರ ಎಲ್ಲ ಸರಿ ಇದ್ದೂ ಸದ್ದು ಬಂದರೆ, ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿಟ್ಟಿದ್ದೀರಾ ಅಂತ ನೋಡಿ. ಅಗಲ ಟೈರಿಗೆ ಜಾಗ ಮಾಡಲು ಬಹಳ ಮಂದಿ ಅದನ್ನು ಎತ್ತಿಡುತ್ತಾರೆ. ಆಮೇಲೆ ಚಕ್ರದ ಗಾಳಿ ನೇರ ಫೆಂಡರಿನ ಬೆನ್ನಿಗೆ ಬಡಿಯುತ್ತದೆ, ಕಲ್ಲು ಕೂಡ. ಒಳಗಿನಿಂದ ಬಡಿದ ಕಲ್ಲು ಹೊರಗೆ ನಕ್ಷತ್ರ ಮೂಡಿಸುತ್ತದೆ. ಲೈನರನ್ನು ಕತ್ತರಿಸಿಯಾದರೂ ವಾಪಸ್ ಹಾಕಿ. ನಾನು ಒಳಮೈಗೆ ಹಗ್ಗದ ದಪ್ಪದ ಫೋಮ್ ಪಟ್ಟಿ ಇಟ್ಟು ಅದರ ಮೇಲೆ ಎರಡು ಪದರ ನಾರು ಹೊದಿಸಿ ಏಣು ಮಾಡಿದೆ. ಸದ್ದು ನಿಂತಿತು.

ಟೈರು ತಾಗುತ್ತಿದೆ

ಈ ಕಾರಿಗೆ ಕಂಪನಿಯಿಂದ ಬಂದದ್ದು 185/60, 14 ಇಂಚಿನ ಟೈರು (ಮೊದಲ ಅಂಕಿ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ). ನಾನು ಹಾಕಿದ್ದು 205/50, 15 ಇಂಚು. ತಾಗುವುದು ಎಲ್ಲಿ ಅಂತ ಊಹಿಸಬೇಡಿ. ಟೈರಿನ ಭುಜಕ್ಕೆ ಸೀಮೆಸುಣ್ಣ ದಟ್ಟವಾಗಿ ಬಳಿದು, ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾ ನಿಧಾನ ಓಡಿಸಿ, ಒಂದು ರಸ್ತೆ ಉಬ್ಬು ದಾಟಿ ಬನ್ನಿ. ಸುಣ್ಣ ಕಮಾನಿನ ತುಟಿಗೆ ಹತ್ತಿದ್ದರೆ ಚಕ್ರ ಹೊರಗೆ ಜಾಸ್ತಿ ಬಂದಿದೆ, ಅಥವಾ ಕಾರು ಜಾಸ್ತಿ ಇಳಿದಿದೆ. ಲೈನರಿನ ಹಿಂಭಾಗಕ್ಕೆ ಹತ್ತಿದ್ದರೆ ತಿರುವಿನಲ್ಲಿ ಮಾತ್ರ ತಾಗುವುದು, ಲೈನರಿಗೆ ಬಿಸಿ ಕೊಟ್ಟು ಒತ್ತಿದರೆ ಸಾಕಾಗುತ್ತದೆ.

ಕಬ್ಬಿಣದ ಫೆಂಡರಾದರೆ ತುಟಿಯನ್ನು ರೋಲರ್ ಹಾಕಿ ಒಳಕ್ಕೆ ಮಡಿಸುತ್ತಾರೆ. ಫೈಬರಿಗೆ ರೋಲರ್ ಹಾಕಿದರೆ ಚಟ್ ಅಂತ ಸೀಳುತ್ತದೆ. ಕತ್ತರಿಸಿ, ಅಂಚು ಗುಂಡಗೆ ಉಜ್ಜಿ, ಕಡಿದ ಅಂಚಿಗೆ ರಾಳ ಸವರಿ ಮುಚ್ಚಿ. ಬರೀ ಅಂಚು ಬಿಟ್ಟರೆ ನಾರಿನ ಗುಂಟ ನೀರು ಒಳಗಿಳಿಯುತ್ತದೆ. ಉಜ್ಜುವಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬಿಡಬೇಡಿ. ಗಾಜಿನ ದೂಳು ಮೈಗೆ ಹತ್ತಿದರೆ ತುರಿಕೆ ಮಾರನೇ ದಿನಕ್ಕೂ ಉಳಿಯುತ್ತದೆ. ನಮ್ಮ ಮನೆಯಾಕೆ ಆ ಅಂಗಿಯನ್ನು ಉಳಿದ ಬಟ್ಟೆ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ ಅಂದದ್ದು ಸರಿಯಾಗಿತ್ತು. ಒಂದು ಸಲ ಹಾಕಿದ್ದೆ.

ಬಣ್ಣದ ಮೇಲೆ ಸೂಜಿ ತೂತು, ನಾರಿನ ಗುರುತು

ಸೂಜಿ ತೂತುಗಳು ಜೆಲ್‌ಕೋಟಿನಲ್ಲಿ ಸಿಕ್ಕಿಹಾಕಿಕೊಂಡ ಗಾಳಿ. ದಪ್ಪ ಪ್ರೈಮರ್ ಹೊಡೆದರೆ ಮುಚ್ಚಿ ಹೋಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ರೈಮರ್ ತೂತಿನ ಬಾಯಿಗೆ ಚರ್ಮ ಕಟ್ಟುತ್ತದೆ ಅಷ್ಟೇ, ಒಳಗೆ ಗಾಳಿ ಹಾಗೇ ಇರುತ್ತದೆ. ಬಣ್ಣ ಒಣಗಿಸುವ ಬೂತಿನ ಬಿಸಿಗೆ ಅದು ಹಿಗ್ಗಿ ಬಣ್ಣವನ್ನು ಒಡೆದುಕೊಂಡು ಬರುತ್ತದೆ. ಮೊದಲು ಜೆಲ್‌ಕೋಟ್ ಉಜ್ಜಿ ಅಡಗಿದ ತೂತುಗಳ ಬಾಯಿ ತೆರೆಯಿರಿ, ತೆಳು ಪುಟ್ಟಿಯನ್ನು ಪ್ಲಾಸ್ಟಿಕ್ ಕರಣೆಯಿಂದ ಎರಡು ದಿಕ್ಕಿಗೂ ಒತ್ತಿ ತುಂಬಿಸಿ, ಉಜ್ಜಿ, ಆಮೇಲೆ ಎಪಾಕ್ಸಿ ಪ್ರೈಮರ್.

ನಾರಿನ ಗುರುತು ಬೇರೆ ಕಥೆ. ಬಣ್ಣ ಮುಗಿದಾಗ ಕನ್ನಡಿಯ ಹಾಗಿದ್ದು, ಮೊದಲ ಬೇಸಿಗೆ ಕಳೆದ ಮೇಲೆ ಒಳಗಿನ ನಾರಿನ ನೆರಳು ಮೇಲೆ ಮೂಡುತ್ತದೆ. ಬಿಸಿಲಿಗೆ ರಾಳ ಇನ್ನಷ್ಟು ಗಟ್ಟಿಯಾಗಿ ಕುಗ್ಗಿದ್ದು ಅದು. ಕಪ್ಪು, ಕಡು ನೀಲಿ ಬಣ್ಣದಲ್ಲಿ ಜಾಸ್ತಿ, ಅವು ಬಿಸಿ ಹೀರುತ್ತವೆ. ಪ್ರೈಮರ್ ಹೊಡೆದ ಫೆಂಡರನ್ನು ಬಣ್ಣಕ್ಕೆ ಮೊದಲೇ ಕೆಲವು ವಾರ ಕಾರಿನ ಮೇಲೆ ಬಿಸಿಲು ಕಾಯಿಸಿ. ಮೂಡುವುದು ಆಗಲೇ ಮೂಡಲಿ, ಉಜ್ಜಿ ಸಮ ಮಾಡಿ ಬಣ್ಣಕ್ಕೆ ಕೊಡಿ.

ನನ್ನದು ಈಗ ಆ ಹಂತದಲ್ಲೇ ಇದೆ. ಎರಡು ಬೂದು ಫೆಂಡರು, ನಡುವೆ ಕೆಂಪು ಕಾರು, ಅಂಗಳದಲ್ಲಿ ಬಿಸಿಲು ಕಾಯುತ್ತಿದೆ. ತುಕ್ಕು ಹಿಡಿದ ಹಳೇ ಎಡ ಫೆಂಡರ್ ಗ್ಯಾರೇಜಿನ ಗೋಡೆಗೆ ನೇತು ಹಾಕಿದೆ. ಬಣ್ಣ ಆಗಿ ಬಂದ ಮೇಲೆ ಬೋಲ್ಟ್ ಹಾಕುವ ಮುಂಚೆ ಅದನ್ನು ಇನ್ನೊಂದು ಸಲ ಇಟ್ಟು ಬಾಗಿಲ ಸಂದು ನೋಡುವವನಿದ್ದೇನೆ.